ನೀರು ಕುಡಿದಾಯಿತೇ?

ಮುಜಮ್ಮಿಲ್‌ನ ಪಾಡಿಗೆಲ್ಲ ಕಾರಣ ಒಂದು ಲೋಟ ನೀರು.

ಆಲ್ದೂರಿನ ಕಾಫಿ ವ್ಯಾಪಾರಿ ಬೆಳ್ಳಿಯಪ್ಪನವರು ಎರಡು ಸಾವಿರದ ಒಂದರಲ್ಲಿ ಮಂಡಿಗೆ ಕಂಪ್ಯೂಟರ್ ತರಿಸಿದರು. ಸಾಫ್ಟ್‌ವೇರ್ ಬರೆಯಲು ಚಿಕ್ಕಮಗಳೂರಿನಿಂದ ಬಂದವನು ಮುಜಮ್ಮಿಲ್. "ನಿಮ್ಮ ಪದ್ಧತಿ ಹೇಗಿದ್ಯೋ ಹಾಗೇ ಮಾಡ್ತೀನಿ ಸಾರ್" ಎಂದು ಮಾತು ಕೊಟ್ಟಿದ್ದ. ಅವನಿಗೆ ಇವರೇ ಮೊದಲ ಗಿರಾಕಿ. ಇದು ಕೈಕೊಟ್ಟರೆ ಮಾವನ ಪಂಕ್ಚರ್ ಅಂಗಡಿಯೇ ಗತಿ.

ಪಾಪ, ವಾರಗಟ್ಟಲೆ ಮೂಲೆಯಲ್ಲಿ ಕೂತು ನೋಡಿದ. ಬೆಳೆಗಾರ ಮೂಟೆ ಇಳಿಸುತ್ತಾನೆ, ಬೆಳ್ಳಿಯಪ್ಪನವರು ಬೀಜ ಕಚ್ಚಿ ನೋಡುತ್ತಾರೆ, ಒಳಗೆ ಹೋಗಿ ನೀರು ಕುಡಿದು ಬರುತ್ತಾರೆ, ಆಮೇಲೆ ದರ ಹೇಳುತ್ತಾರೆ. ಒಮ್ಮೆಯೂ ತಪ್ಪಿದ್ದಿಲ್ಲ. ಮುಜಮ್ಮಿಲ್ ನಿಯತ್ತಿನಿಂದ ನೀರನ್ನೂ ಸೇರಿಸಿದ.

ಉದ್ಘಾಟನೆಯ ದಿನ ಮಂಡಿ ತುಂಬ ಜನ. ಬೆಳೆಗಾರ ಗುರುವಯ್ಯನ ಮೂಟೆಯೇ ಮೊದಲು. ಬೆಳ್ಳಿಯಪ್ಪನವರು ಬೀಜ ಬಾಯಿಗೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಾರಲ್ಲ ಎಂಬ ಜಂಬದಲ್ಲಿ, ಕೂತಲ್ಲೇ ದರ ಒತ್ತಲು ಹೋದರು. ಪರದೆಯ ಮೇಲೆ ದಪ್ಪ ಅಕ್ಷರ ಮೂಡಿತು: "ಒಳಗೆ ಹೋಗಿ ನೀರು ಕುಡಿದಾಯಿತೇ?"

ಬಾಯಲ್ಲಿದ್ದ ಬೀಜ ಕೆಳಗೆ ಬಿತ್ತು.

"ಇದೇನೋ ಮಾರಾಯ?"

"ನಿಮ್ಮ ಪದ್ಧತಿನೇ ಸಾರ್."

"ದಾಟಿಸು ಮುಂದಕ್ಕೆ!"

"ನೀರು ಕುಡೀದೆ ದಾಟಲ್ಲ ಸಾರ್."

ಜನ ನಗತೊಡಗಿದರು. ಬೆಳ್ಳಿಯಪ್ಪನವರು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದರು. "ನಂಗೂ ಬಾಯಾರಿದೆ" ಎಂದು ಗುರುವಯ್ಯ ಅವರ ಹಿಂದೆಯೇ ನುಗ್ಗಿದ. ಅಡುಗೆಮನೆಯ ಒಲೆ ಮುಂದಿದ್ದ ಬೆಳ್ಳಿಯಪ್ಪನವರ ಹೆಂಡತಿ ಕೃಷ್ಣಮ್ಮ ತಿರುಗಿಯೂ ನೋಡದೆ, "ಗುರುವಯ್ಯನ ಕಾಫಿ ತಾನೇ? ಅದು ಯಾವಾಗ್ಲೂ ಹಸಿನೇ. ನಿನ್ನೆಗಿಂತ ಕಮ್ಮಿ ಹೇಳಿ" ಎಂದರು.

ಮಾತು ಮಂಡಿಯವರೆಗೂ ಕೇಳಿತು. ಇಷ್ಟು ವರ್ಷ ದರ ಕಟ್ಟಿದವರು ಯಾರೆಂದು ತಿಳಿದು ಎಲ್ಲರೂ ದಂಗಾದರು. ಮುಜಮ್ಮಿಲ್‌ನ ಕಣ್ಮುಂದೆ ಮಾವನ ಪಂಕ್ಚರ್ ಅಂಗಡಿ ಬಂತು.

ಕೃಷ್ಣಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದು ಪರದೆ ಓದಿದರು.

"ಎಷ್ಟು ಸೂಕ್ಷ್ಮವಾಗಿ ನೋಡಿದ್ದೀಯಪ್ಪಾ!"

ಮುಜಮ್ಮಿಲ್‌ಗೆ ಹೋದ ಜೀವ ಬಂತು. "ಹಾಗಾದ್ರೆ ಒಪ್ಪಿಗೆನಾ ಅಮ್ಮ?"

"ಎಂಥ ಒಪ್ಪಿಗೆ? ಗುಟ್ಟು ರಟ್ಟಾದ್ಮೇಲೆ ನಾನ್ಯಾಕೆ ಒಳಗೆ ಕೂರ್ಲಿ? ಇವತ್ತಿಂದ ಕಚ್ಚೋದೂ ನಾನೇ, ದರ ಹೇಳೋದೂ ನಾನೇ. ನೀನು ಬರೆದ ಪದ್ಧತಿ ಈಗ ಎಲ್ಲಿದೆ?" ಎಂದು ಕೃಷ್ಣಮ್ಮ ಗಂಡನ ಕುರ್ಚಿಯಲ್ಲಿ ಕೂತರು.

"ಹೊಸದಾಗಿ ಬರೀತೀನಿ ಅಮ್ಮ! ಇನ್ನೊಂದು ವಾರ ಇಲ್ಲೇ ಕೂತು ಎಲ್ಲ ನೋಡ್ತೀನಿ!"

ಕೃಷ್ಣಮ್ಮ ಬೆಚ್ಚಿಬಿದ್ದರು. "ಬೇಡಪ್ಪಾ ಬೇಡ! ನೀನು ಇನ್ನೊಂದು ವಾರ ನೋಡಿದ್ರೆ ಈ ಮನೇಲಿ ಮುಚ್ಚಿಡೋಕೆ ಏನೂ ಉಳಿಯಲ್ಲ!"

ಅಷ್ಟರಲ್ಲಿ ಬೆಳ್ಳಿಯಪ್ಪನವರು, ಯಾರೂ ಹೇಳದಿದ್ದರೂ, ಕಂಪ್ಯೂಟರಿನ ವೈರು ಕಿತ್ತು ಸರಸರನೆ ಸುತ್ತತೊಡಗಿದ್ದರು.