ಬಚ್ಚಿಟ್ಟವನಿಗೇ ಗೊತ್ತು

ಕಾನೂನು ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ಅದರದೇ ಜಾಗದಲ್ಲಿ ಇಡುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ವರ್ಷಗಟ್ಟಲೆ ಅಲ್ಲಿ ಪುಸ್ತಕದ ಟ್ರಾಲಿ ತಳ್ಳಿದ ಬೆರಳಪ್ಪನಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಸಂಜೆ ಬಾಡಿಗೆ ಮನೆಗಳ ಕಾನೂನಿನ ದಪ್ಪ ಪುಸ್ತಕವನ್ನು ಒರೆಸಿ, ಬೆನ್ನು ತಟ್ಟಿ, ಅದರ ಜಾಗದಲ್ಲೇ ನಿಲ್ಲಿಸಿ ಮನೆಗೆ ಹೋದ. ಬೆಳಿಗ್ಗೆ ಬಂದು ನೋಡಿದರೆ ಅಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸಂದು ಮಾತ್ರ ಉಳಿದಿತ್ತು.

ಬೆರಳಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ವಿದ್ಯಾರ್ಥಿಗಳು ಇಟ್ಟದ್ದು. ಯಾರು ಯಾವ ಪುಸ್ತಕ ಕೇಳಿದರೂ ಆತ ತಲೆ ಎತ್ತದೆ ತೋರುಬೆರಳನ್ನಷ್ಟೇ ಎತ್ತಿ, "ಅಗೋ, ಅಲ್ಲಿದೆ" ಎನ್ನುತ್ತಿದ್ದ. ಎಷ್ಟೋ ಸಲ ಅದು ಅಲ್ಲಿ ಇರುತ್ತಿರಲಿಲ್ಲ. ಆದರೆ ಆ ಬೆರಳಿನ ಧೈರ್ಯ ಎಂಥದ್ದೆಂದರೆ, ಪುಸ್ತಕ ಸಿಗದವರು ತಮ್ಮ ಕಣ್ಣನ್ನೇ ಸಂಶಯಿಸುತ್ತಿದ್ದರು.

ಪುಸ್ತಕ ಸಿಗದಿರುವುದಕ್ಕೆ ಕಾರಣವೂ ಇತ್ತು. ಪರೀಕ್ಷೆ ಹತ್ತಿರ ಬಂದರೆ ಭಾವೀ ವಕೀಲರೆಲ್ಲ ಬೆಕ್ಕು ತನ್ನ ಮರಿಗಳ ಜಾಗ ಬದಲಿಸಿದಂತೆ ಪುಸ್ತಕಗಳನ್ನು ಹೊತ್ತೊಯ್ದು ಬೇರೆಲ್ಲೋ ಬಚ್ಚಿಡುತ್ತಿದ್ದರು. ಒಳ್ಳೆಯ ಪುಸ್ತಕಕ್ಕೆ ಒಂದೇ ಪ್ರತಿ, ಅದನ್ನು ವಿದ್ಯಾರ್ಥಿಗಳಿಗೆ ಮನೆಗೆ ಕೊಡುವಂತಿಲ್ಲ. ತನಗೆ ಸಿಗಬೇಕು, ಪಕ್ಕದವನಿಗೆ ಸಿಗಬಾರದು. ಹಡಗು ಕಾನೂನಿನ ಕಪಾಟು ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಡಲಿಲ್ಲದ ಊರಿನಲ್ಲಿ ಅದರ ಹತ್ತಿರ ಸುಳಿಯುವವರಾದರೂ ಯಾರು?

ಆದರೆ ಇಂದು ಆ ಬಾಡಿಗೆ ಕಾನೂನಿನ ಪುಸ್ತಕ ಕಳೆಯುವ ಹಾಗಿರಲಿಲ್ಲ. ಇಂದು ಗ್ರಂಥಾಲಯ ದಿನ. ಬಾಗಿಲಲ್ಲಿ ಬ್ಯಾನರು, ಪಡಸಾಲೆಯಲ್ಲಿ ಕಂಪ್ಯೂಟರಿನಲ್ಲಿ ತೀರ್ಪು ಹುಡುಕುವ ಪಾಠ, ಮಧ್ಯಾಹ್ನ ವಾಚನಾಲಯದಲ್ಲಿ ಬೆರಳಪ್ಪನದೇ ಕಾರ್ಯಕ್ರಮ: 'ನೀವು ಕೇಳಿ, ನಾವು ಹುಡುಕಿ ಕೊಡುತ್ತೇವೆ.' ನೋಡಲು ಸ್ವತಃ ಕುಲಪತಿಗಳು ಬರುವವರಿದ್ದರು. ರೆಫರೆನ್ಸ್ ವಿಭಾಗದ ಹಿರಿಯರು ನಿವೃತ್ತರಾಗಿ, ವಾಚನಾಲಯದ ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿಯಾಗಿತ್ತು. ಕಾರ್ಯಕ್ರಮ ಚೆನ್ನಾಗಿ ನಡೆದರೆ ಆ ಕುರ್ಚಿ ಬೆರಳಪ್ಪನಿಗೆ ಎಂದು ಗ್ರಂಥಪಾಲಕಿ ಮೇಡಂ ಹೇಳಿದ್ದರು. ಟ್ರಾಲಿ ತಳ್ಳಿ ತಳ್ಳಿ ಮೊಣಕಾಲು ಸವೆದಿದ್ದ ಆತನಿಗೆ ಕುರ್ಚಿ ಎಂದರೆ ಬರೀ ಕುರ್ಚಿಯಲ್ಲ, ಸ್ವರ್ಗ. ಆತನ ಹೆಂಡತಿ ಈಗಾಗಲೇ ತನ್ನ ತಂಗಿಗೆ ಫೋನು ಮಾಡಿ, "ನಿಮ್ಮ ಭಾವ ಇನ್ಮೇಲೆ ಕೂತೇ ಕೆಲಸ ಮಾಡೋದು" ಎಂದು ಸಾರಿಬಿಟ್ಟಿದ್ದಳು.

ಇಂಥ ದಿನವನ್ನು ದೇವರ ಮೇಲೆ ಭಾರ ಹಾಕಿ ಬಿಡುವವನಲ್ಲ ಬೆರಳಪ್ಪ. ಒಪ್ಪಂದ ಕಾನೂನು ಕಲಿಸುವ ಮೇಷ್ಟ್ರಿಗೆ ಚಹಾ ಕುಡಿಸಿ ಒಂದು ಒಪ್ಪಂದ ಮಾಡಿಕೊಂಡಿದ್ದ. ಸಭೆಯಲ್ಲಿ ಮೊದಲು ಅವರೇ ಕೈ ಎತ್ತಿ ಬಾಡಿಗೆ ಪುಸ್ತಕವನ್ನು ಕೇಳಬೇಕು. ಇವನು ಕಣ್ಣು ಮುಚ್ಚಿಕೊಂಡು ನಡೆದು ಹೋಗಿ ತರಬೇಕು. ಚಪ್ಪಾಳೆ, ಕುರ್ಚಿ, ಮುಗಿಯಿತು.

ಈಗ ಪುಸ್ತಕವೇ ಇಲ್ಲ. "ಹೋದ್ರೆ ಎಲ್ಲಿಗೆ ಹೋಗುತ್ತೆ, ಈ ನಾಕು ಗೋಡೆಯೊಳಗೇ ತಾನೆ?" ಎಂದು ತೋಳೇರಿಸಿ ಬೆರಳಪ್ಪ ಹುಡುಕಲು ಇಳಿದ. ಹಡಗು ಕಾನೂನಿನ ಹಿಂದೆ ಕೈ ಹಾಕಿದರೆ ಉಯಿಲಿನ ಪುಸ್ತಕ ಸಿಕ್ಕಿತು. ತೆರಿಗೆಯ ಸಾಲಿನ ಅಡಿಯಲ್ಲಿ ವಿಚ್ಛೇದನದ ಪುಸ್ತಕ. ಹಳೆಯ ಪತ್ರಿಕೆಗಳ ಕಟ್ಟಿನ ನಡುವೆ ಸಾಕ್ಷ್ಯ ಕಾನೂನು, ಬೆಂಕಿ ಆರಿಸುವ ಮರಳಿನ ಬಕೆಟ್ಟಿನ ಹಿಂದೆ ಅಪರಾಧ ಕಾನೂನು. ಊರಿನ ಪುಸ್ತಕವೆಲ್ಲ ಸಿಕ್ಕಿತು, ಬೇಕಾದದ್ದೊಂದು ಬಿಟ್ಟು. ಅವನ್ನೆಲ್ಲ ತೆಗೆದು ಜಾಗಕ್ಕೆ ಇಡಲು ಪುರುಸೊತ್ತಿಲ್ಲದೆ, ಇದ್ದಲ್ಲೇ ಬಿಟ್ಟು ಮುಂದೆ ಹೋದ.

ಕೊನೆಗೆ ನೆಲದ ಮೇಲೆ ಅಂಬೆಗಾಲಿಟ್ಟು ಮೇಜುಗಳ ಅಡಿ ಇಣುಕುತ್ತಿದ್ದಾಗ ಜೇಬಿನ ಫೋನು ಕುಂಯ್‌ಗುಟ್ಟಿತು.

"ಏನ್ರೀ, ಕೂತ್ಕೊಂಡ್ರಾ?" ಎಂದಳು ಹೆಂಡತಿ.

"ಇನ್ನೂ ಇಲ್ಲ ಕಣೇ. ಸದ್ಯಕ್ಕೆ ಮೊಣಕಾಲ ಮೇಲಿದೀನಿ."

"ದೇವರಿಗೆ ಕೈ ಮುಗೀತಿದೀರಾ? ಒಳ್ಳೇದೇ ಬಿಡಿ."

ಫೋನು ಇಟ್ಟು ತಲೆ ಎತ್ತಿದರೆ ಎದುರಿಗೆ ಮೇಡಂ ನಿಂತಿದ್ದರು. "ಏನ್ರೀ ಅದು? ನೆಲದ ಮೇಲೆ ಏನ್ ಮಾಡ್ತಿದೀರಿ?"

ನಿಜ ಹೇಳಿದರೆ ಕೆಟ್ಟೆ. ಬೆರಳಪ್ಪನ ಬಾಯಿಗೆ ಬಂದದ್ದು, "ಗೆದ್ದಲು ಮೇಡಂ. ಗೆದ್ದಲು ಇದ್ಯಾ ಅಂತ ನೋಡ್ತಿದೀನಿ."

ಆ ಒಂದು ಮಾತು ಸಾಕಾಯಿತು. ಕುಲಪತಿಗಳು ಬರುವ ದಿನವೇ ಗೆದ್ದಲೇ ಎಂದು ಮೇಡಂ ಹೌಹಾರಿದರು. ಅರ್ಧ ಗಂಟೆಯೊಳಗೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಔಷಧಿಯವನು ಬಂದು ಮೂಲೆ ಮೂಲೆಗೂ ಸಿಂಪಡಿಸಿದ. ಕಂಪ್ಯೂಟರ್ ಪಾಠಕ್ಕೆ ಬಂದವರು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ಕೌಂಟರಿನ ಹೆಂಗಸು ಸೀನುತ್ತಲೇ ನಾಲ್ಕು ಪುಸ್ತಕಕ್ಕೆ ತಲೆಕೆಳಗಾಗಿ ಸೀಲು ಒತ್ತಿದಳು. "ಒಂದು ಗೆದ್ದಲೂ ಇಲ್ಲ ಮೇಡಂ, ಯಾರು ಹೇಳಿದ್ದು ನಿಮ್ಗೆ?" ಎಂದು ಔಷಧಿಯವನು ಹೊರಟುಹೋದ. ಬೆರಳಪ್ಪ ಕಿಟಕಿ ತೆರೆಯುವ ನೆಪದಲ್ಲಿ ಆಚೆ ತಿರುಗಿಕೊಂಡ.

ಸಭೆ ತುಂಬುತ್ತಿರುವಾಗ ಒಪ್ಪಂದದ ಮೇಷ್ಟ್ರು ಸಿಕ್ಕಿದರು. ಬೆರಳಪ್ಪ ಅವರನ್ನು ಕಂಬದ ಮರೆಗೆ ಎಳೆದ. "ಸಾರ್, ಬಾಡಿಗೆ ಪುಸ್ತಕ ಕಾಣಿಸ್ತಿಲ್ಲ!"

"ಗಾಬರಿಯಾಗ್ಬೇಡಿ. ಹುಡುಗರು ಬಚ್ಚಿಟ್ಟುಬಿಟ್ಟಾರು ಅಂತ ನಿನ್ನೆ ರಾತ್ರಿ ನಾನೇ ಮನೆಗೆ ತಗೊಂಡು ಹೋದೆ. ಭದ್ರವಾಗಿದೆ."

"ಅಯ್ಯೋ, ಎಲ್ಲಿ ಕೊಡಿ!"

"ಮನೇಲೇ ಇದೆ ಅಂದ್ನಲ್ಲ. ತರೋದು ಮರೆತುಹೋಯ್ತು ನೋಡಿ. ಬೇರೆ ಯಾವುದು ಕೇಳ್ಲಿ, ಹೇಳಿ?"

ಹೇಳುವಷ್ಟರಲ್ಲಿ ಕುಲಪತಿಗಳು ಬಂದೇಬಿಟ್ಟರು. ಅತಿಥಿಗಳಿಗೆಂದು ಬೇರೆ ಒಳ್ಳೆಯ ಕುರ್ಚಿ ಇಲ್ಲದ್ದರಿಂದ ಮೇಡಂ ಕಿಟಕಿ ಪಕ್ಕದಲ್ಲೇ ಇದ್ದ ಆ ರೆಫರೆನ್ಸ್ ಕುರ್ಚಿಯಲ್ಲೇ ಅವರನ್ನು ಕೂರಿಸಿದರು. ಒಪ್ಪಂದದ ಮೇಷ್ಟ್ರು ಅರ್ಧ ಕೈ ಎತ್ತಿದಾಗಲೇ ಕುಲಪತಿಗಳು, "ಮೊದಲು ನಾನೇ ಕೇಳ್ತೀನಿ. ಉಯಿಲಿನ ಮೇಲೆ ಒಂದು ಒಳ್ಳೆ ಪುಸ್ತಕ ಇತ್ತಲ್ಲ, ಅದು ತನ್ನಿ ನೋಡೋಣ" ಎಂದರು.

ಬೆರಳಪ್ಪನಿಗೆ ಥಟ್ಟನೆ ನೆನಪಾಯಿತು. ಉಯಿಲು! ಬೆಳಿಗ್ಗೆ ಕಣ್ಣಾರೆ ಕಂಡಿದ್ದನಲ್ಲ! ಬೆರಳು ತಾನಾಗಿ ಮೇಲೆದ್ದಿತು.

"ಕ್ಯಾಟಲಾಗು ಹೇಳೋ ಜಾಗದಲ್ಲಿ ಅದಿಲ್ಲ ಸಾರ್. ಹಡಗು ಕಾನೂನಿನ ಕಪಾಟು, ಕೆಳಗಿನ ಸಾಲು, ಹಿಂದುಗಡೆ."

ಹೋಗಿ ನೋಡಿದರೆ ಅಲ್ಲೇ ಇತ್ತು. ಸಭೆ ಬೆರಗಾಯಿತು. ಮೇಡಂ ವಿಚ್ಛೇದನದ ಪುಸ್ತಕ ಕೇಳಿದರು, ಬೆರಳು ತೆರಿಗೆಯ ಕಡೆ ತಿರುಗಿತು. ಸಾಕ್ಷ್ಯ ಕಾನೂನು ಕಲಿಸುವ ಮೇಷ್ಟ್ರು ತಮ್ಮ ವಿಷಯದ್ದೇ ಕೇಳಿದರು, ಪತ್ರಿಕೆಯ ಕಟ್ಟಿನಿಂದ ಬೆಣ್ಣೆಯಿಂದ ಕೂದಲು ತೆಗೆದಂತೆ ಎಳೆದು ಕೊಟ್ಟ. ಚಪ್ಪಾಳೆಯ ಮೇಲೆ ಚಪ್ಪಾಳೆ. ಬೆರಳಪ್ಪ ಉಬ್ಬಿಹೋದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೊಗಳಿಕೆ ಕಂಡವನು ನಿಲ್ಲಿಸುತ್ತಾನೆಯೇ? ಯಾರೂ ಕೇಳದಿದ್ದರೂ, "ಅಪರಾಧ ಕಾನೂನು ಬೇಕಾ? ಮರಳಿನ ಬಕೆಟ್ಟಿನ ಹಿಂದೆ ನೋಡಿ!" ಎಂದು ಕೂಗಿದ. ಹಿಂದಿನ ಬೆಂಚಿನ ವಿದ್ಯಾರ್ಥಿಗಳ ಮುಖ ಸಪ್ಪಗಾಯಿತು.

ಸಾಕ್ಷ್ಯದ ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು.

"ಈ ಪುಸ್ತಕಗಳು ಯಾವುದೂ ಅದರದರ ಜಾಗದಲ್ಲಿ ಇರ್ಲಿಲ್ಲ, ಸರೀನಾ?"

"ಸರಿ ಸಾರ್!"

"ಅವು ಎಲ್ಲಿವೆ ಅಂತ ನಿಮ್ಮನ್ನ ಬಿಟ್ಟು ಬೇರೆಯವರಿಗೆ ಗೊತ್ತಿತ್ತಾ?"

"ಒಬ್ಬರಿಗೂ ಗೊತ್ತಿರ್ಲಿಲ್ಲ ಸಾರ್! ಈ ಕಟ್ಟಡದಲ್ಲಿ ನನಗೊಬ್ಬನಿಗೇ!" ಎಂದು ಬೆರಳಪ್ಪ ಎದೆ ಸೆಟೆಸಿದ.

ಮೇಷ್ಟ್ರು ವಿದ್ಯಾರ್ಥಿಗಳ ಕಡೆ ತಿರುಗಿದರು. "ಕಳುವಾದ ಮಾಲು ಇಂಥ ಕಡೆಯೇ ಇದೆ ಅಂತ ಒಬ್ಬ ನೇರವಾಗಿ ಬೆರಳು ಮಾಡಿ ತೋರಿಸಿದ್ರೆ, ನಾನೇನು ಪಾಠ ಮಾಡಿದೀನಿ?"

"ಬಚ್ಚಿಟ್ಟವನಿಗೇ ಗೊತ್ತು ಸಾರ್!" ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗಿತು. ನಿಜವಾಗಿ ಬಚ್ಚಿಟ್ಟವರ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

"ಅಯ್ಯೋ, ಇಲ್ಲ ಸಾರ್! ಬೆಳಿಗ್ಗೆ ಹುಡುಕ್ತಾ ಇದ್ದಾಗ ಕಣ್ಣಿಗೆ ಬಿತ್ತು ಅಷ್ಟೇ!"

"ಏನು ಹುಡುಕ್ತಿದ್ರಿ?"

ಬಾಡಿಗೆ ಪುಸ್ತಕದ ವಿಷಯ ಎತ್ತಿದರೆ ನಾಟಕವೆಲ್ಲ ಬಯಲು. ಸಹಾಯಕ್ಕೆಂದು ಬೆರಳಪ್ಪ ಒಪ್ಪಂದದ ಮೇಷ್ಟ್ರ ಕಡೆ ನೋಡಿದರೆ ಅವರು ಫ್ಯಾನು ತಿರುಗುವುದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಗೆದ್ದಲು ಅಂತ ನನಗೆ ಹೇಳಿದ್ರಿ" ಎಂದು ಮೇಡಂ ಹಲ್ಲು ಕಚ್ಚಿ ಹೇಳಿದರು. "ಒಂದು ಗೆದ್ದಲೂ ಇರ್ಲಿಲ್ಲ."

"ದಿನವೂ ಪುಸ್ತಕ ಜಾಗಕ್ಕೆ ಇಡೋರೂ ಇವರೇ" ಎಂದು ಕೌಂಟರಿನ ಹೆಂಗಸು ಇನ್ನೊಮ್ಮೆ ಸೀನಿದಳು.

ಬೆರಳಪ್ಪ ಇಂಗು ತಿಂದ ಮಂಗನಂತೆ ನಿಂತ. ಕುರ್ಚಿ ಹೋದರೆ ಹೋಗಲಿ, ಈಗ ಕೆಲಸವೇ ಹೋಗುವ ಹಾಗಿತ್ತು. ಅವನಿಗೆ ನಿಜಕ್ಕೂ ಅಳು ಬಂತು.

ಕುಲಪತಿಗಳು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಇದು ಕಾನೂನು ಓದೋ ಜಾಗ. ಏನೇ ಆದ್ರೂ ನಿಯಮದ ಪ್ರಕಾರ ಆಗ್ಲಿ. ಗ್ರಂಥಾಲಯದ ನಿಯಮಾವಳಿ ಪುಸ್ತಕ ತನ್ನಿ, ಏನು ಹೇಳುತ್ತೆ ನೋಡೋಣ."

ಕೌಂಟರಿನ ಹೆಂಗಸು ಡ್ರಾಯರು ಎಳೆದು ತಡಕಾಡಿದಳು. ನಿಯಮಾವಳಿ ಇರಲಿಲ್ಲ. ಮೇಡಂ ಕಪಾಟಿನಲ್ಲಿ ನೋಡಿದರು. ಅಲ್ಲೂ ಇರಲಿಲ್ಲ. ಸಭೆಯ ಕಣ್ಣುಗಳೆಲ್ಲ ಒಂದೊಂದಾಗಿ ಬೆರಳಪ್ಪನ ಕಡೆ ತಿರುಗಿದವು.

"ಅದು ಎಲ್ಲಿದೆ, ನಿಮಗೆ ಗೊತ್ತಾ?" ಎಂದು ಸಾಕ್ಷ್ಯದ ಮೇಷ್ಟ್ರು ಬಹಳ ಮೃದುವಾಗಿ ಕೇಳಿದರು.

ಬೆರಳಪ್ಪನಿಗೆ ಗೊತ್ತಿತ್ತು. ಬೆಳಿಗ್ಗೆ ಅಂಬೆಗಾಲಿಡುವಾಗ ಕಂಡಿದ್ದ. ನಿವೃತ್ತರಾದ ಹಿರಿಯರು ಆ ನೀಲಿ ರಟ್ಟಿನ ನಿಯಮಾವಳಿಯನ್ನು ತಮ್ಮ ಕುರ್ಚಿ ಅಲುಗಾಡದಿರಲೆಂದು ಅದರ ಮೋಟು ಕಾಲಿನ ಅಡಿಗೆ ಕೊಟ್ಟಿದ್ದರು. ಈಗ ಆ ಕುರ್ಚಿಯ ಮೇಲೆ ಕುಲಪತಿಗಳು ಕೂತಿದ್ದರು. ಬೆರಳು ಅಭ್ಯಾಸಬಲದಿಂದ ಮೇಲೇಳತೊಡಗಿತು. ಬೆರಳಪ್ಪ ಇನ್ನೊಂದು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಸಲ ಆ ಮಾತು ಆಡಿದ.

"ಗೊತ್ತಿಲ್ಲ ಸಾರ್."

ಸಾಕ್ಷ್ಯದ ಮೇಷ್ಟ್ರು ತಲೆದೂಗಿದರು. "ಹಾಗಾದ್ರೆ ನನ್ನ ವಾದ ನಿಲ್ಲೋದಿಲ್ಲ. ಬಚ್ಚಿಡೋನೇ ಆಗಿದ್ರೆ ಇದೂ ಗೊತ್ತಿರ್ಬೇಕಿತ್ತು. ಸಂಶಯದ ಲಾಭ ಇವರಿಗೆ ಸಲ್ಲಬೇಕು."

"ನಿರ್ದೋಷಿ" ಎಂದರು ಕುಲಪತಿಗಳು. ಚಪ್ಪಾಳೆ ಬಿದ್ದಿತು. ಬೆರಳಪ್ಪ ಹೋದ ಜೀವ ಬಂದವನಂತೆ ಎಲ್ಲರಿಗೂ ಕೈ ಮುಗಿದ. ಇನ್ನೇನು, ತನ್ನ ವಿಷಯ ಪ್ರಸ್ತಾಪ ಮಾಡಲಿ ಎಂದು ಮೇಡಂ ಕಡೆ ಆಸೆಯಿಂದ ನೋಡಿದ. ಮೇಡಂ ಕೂಡ ಕರಗಿ, "ಸಾರ್, ರೆಫರೆನ್ಸ್ ಕೆಲಸಕ್ಕೆ ಇವರನ್ನೇ..." ಎಂದು ಬಾಯಿ ತೆರೆದರು.

"ಛೆ ಛೆ, ಎಲ್ಲಾದ್ರೂ ಉಂಟೇ!" ಎಂದರು ಕುಲಪತಿಗಳು. "ಪಾಪ, ಒಳ್ಳೆಯವರೇ. ಆದ್ರೆ ತಾವು ಕೆಲಸ ಮಾಡೋ ಜಾಗದ ನಿಯಮಾವಳಿ ಎಲ್ಲಿದೆ ಅನ್ನೋದೂ ಗೊತ್ತಿಲ್ದೋರನ್ನ ಈ ಕುರ್ಚೀಲಿ ಹೇಗ್ರೀ ಕೂರಿಸೋದು? ಟ್ರಾಲಿನೇ ತಳ್ಳಲಿ ಬಿಡಿ."

ಹಾಗೆಂದು ಅವರು ಕಾಲ ಮೇಲೆ ಕಾಲು ಹಾಕಿ ನೆಮ್ಮದಿಯಾಗಿ ಹಿಂದಕ್ಕೆ ಒರಗಿದರು. ಕುರ್ಚಿ ಒಂದಿಷ್ಟೂ ಅಲುಗಾಡಲಿಲ್ಲ.