ಟೀಚರಮ್ಮನ ಫ್ರೇಮ್ ಪ್ರಕರಣ

ಹೊಲಿಗೆ ಟೀಚರಮ್ಮನ ಕನ್ನಡಕದ ಮೇಲೆ ಅವರ ಯಜಮಾನರು ಕುಳಿತರು. ಕಟಕ್ ಎಂದಿತು. ಎದ್ದು ನೋಡಿದರು, ಪಕ್ಕಕ್ಕೆ ಸರಿಸಿದರು, ಮತ್ತೆ ಕುಳಿತರು. ಮಾತಿಲ್ಲ, ಕತೆಯಿಲ್ಲ.

ಯಜಮಾನರು ಬಸ್ ನಿಲ್ದಾಣದಲ್ಲಿ ಟೈಂಕೀಪರ್. ದಿನವಿಡೀ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಕೂಗಿ, ಮನೆ ಸೇರುವ ಹೊತ್ತಿಗೆ ಅವರ ಮಾತಿನ ದಾಸ್ತಾನು ಖಾಲಿಯಾಗಿರುತ್ತಿತ್ತು. ಉಳಿದದ್ದು ಒಂದು ‘ಹ್ಞೂಂ’. ಊಟದ ಮೇಜಿನಲ್ಲಿ ಅವರ ಎಡಕ್ಕೆ ಕುಳಿತು ಟೀಚರಮ್ಮ ನಲ್ಲಿ ಸೋರುವುದರಿಂದ ಹಿಡಿದು, ಕ್ಲಾಸಿನ ಹುಡುಗಿ ಕುತ್ತಿಗೆಯ ಪಟ್ಟಿಯನ್ನು ತೋಳಿಗೆ ಹೊಲಿದದ್ದರವರೆಗೆ ಎಲ್ಲವನ್ನೂ ಹೇಳುತ್ತಿದ್ದರು. ಎಲ್ಲಕ್ಕೂ ಅದೇ ಹ್ಞೂಂ. (“ಮನೆಗೆ ಬೆಂಕಿ ಬಿದ್ದಿದೆ” ಎಂದು ಒಮ್ಮೆ ಪರೀಕ್ಷಿಸಿದ್ದೂ ಉಂಟು. ಹ್ಞೂಂ ಬಂತು, ಜೊತೆಗೆ ಉಪ್ಪು ಕೊಡೆಂಬ ಕೈಸನ್ನೆ.)

“ರೀ, ನನಗೆ ಹೊಸ ಫ್ರೇಮು ಬೇಕು.”

“ಈ ವಯಸ್ಸಲ್ಲಿ ಪ್ರೇಮ ಎಲ್ಲಿಂದ ತರಲಿ?”

“ಪ್ರೇಮ ಅಲ್ಲ ರೀ, ಫ್ರೇಮು. ಕನ್ನಡಕದ್ದು.”

“ಹ್ಞೂಂ,” ಎಂದು ಯಜಮಾನರು ನಿರಾಳವಾದರು.

ಹೀಗೆ ಟೀಚರಮ್ಮ ಮುರಿದ ಉಪನೇತ್ರಕ್ಕೆ ಅಂಟುಪಟ್ಟಿ ಸುತ್ತಿಕೊಂಡು, ಒಬ್ಬರೇ ಕನ್ನಡಕದಂಗಡಿಗೆ ಹೋದರು. ಗಿರಾಕಿಗಳಿಲ್ಲದೆ ಗಾಜು ಒರೆಸುತ್ತಿದ್ದ ಅಂಗಡಿಯವರು ಸ್ಟೂಲು ಎಳೆದು ಕೂರಿಸಿದರು.

“ಬೆವರು ಜಾಸ್ತಿನಾ ನಿಮಗೆ? ಓದ್ತಾ ಓದ್ತಾ ನಿದ್ದೆ ಹೋಗೋ ಅಭ್ಯಾಸ ಇದೆಯಾ? ಯಾವ ಮಗ್ಗುಲಿಗೆ ಮಲಗ್ತೀರಿ?”

ಟೀಚರಮ್ಮ ಸ್ಟೂಲಿನ ಮೇಲೆ ನೆಟ್ಟಗಾದರು. ತಾವು ಯಾವ ಮಗ್ಗುಲಿಗೆ ಮಲಗುತ್ತೇವೆಂದು ಈ ಭೂಮಂಡಲದಲ್ಲಿ ಇಂದಿನವರೆಗೆ ಯಾರೂ ಕೇಳಿರಲಿಲ್ಲ.

“ಇದು ಲೋಹದ್ದು, ಗಟ್ಟಿ. ಆದ್ರೆ ಕೆಲವದರಲ್ಲಿ ನಿಕ್ಕಲ್ ಬೆರೆಸಿರ್ತಾರೆ, ಸೂಕ್ಷ್ಮ ಚರ್ಮಕ್ಕೆ ಕೆರೆತ ಬರುತ್ತೆ. ಇದು ಅಸಿಟೇಟು. ನೋಡೋಕೆ ಪ್ಲಾಸ್ಟಿಕ್ಕು, ಮೂಲ ಹತ್ತಿ ನಾರು. ಬಿಸಿ ಮಾಡಿ ಮುಖಕ್ಕೆ ತಕ್ಕ ಹಾಗೆ ಬಗ್ಗಿಸಬಹುದು.”

“ಹತ್ತಿನಾ? ಹಾಗಾದ್ರೆ ಇಸ್ತ್ರಿನೂ ಮಾಡ್ಕೋಬಹುದು ಅನ್ನಿ.”

ಅಂಗಡಿಯವರು ನಕ್ಕರು. ತಮ್ಮ ಮಾತಿಗೆ ಒಬ್ಬರು ನಕ್ಕದ್ದನ್ನು ಟೀಚರಮ್ಮ ದಾರಿಯುದ್ದಕ್ಕೂ ನೆನೆಯುತ್ತ ಮನೆಗೆ ಬಂದರು.

ಕೊಂಡದ್ದು ಲೋಹದ ಫ್ರೇಮು. ಮರುವಾರವೇ ಮೂಗು ಕೆರೆಯುತ್ತದೆಂದು ಅಂಗಡಿಯಲ್ಲಿ ಹಾಜರು. (ಕೆರೆತವೇನೋ ಇತ್ತು, ಉಗುರಿನ ಸಹಾಯವೂ ಇತ್ತು.) ಅಸಿಟೇಟು ಕೊಟ್ಟರು. ಅದು ಜಾರುತ್ತದೆಂದರು ಟೀಚರಮ್ಮ. ಬೀಳಲಿ, ಬಗ್ಗಲಿ, ಮುರಿಯದ ನೈಲಾನು ಕೊಟ್ಟರು. ಕಿವಿ ನೋವೆಂದರು. ಕೊನೆಗೆ ಅಂಗಡಿಯವರು ಬ್ರಹ್ಮಾಸ್ತ್ರ ತೆಗೆದರು: ಟೈಟಾನಿಯಂ. ತುಕ್ಕು ಹಿಡಿಯದು, ಕೆರೆಯದು, ಹೂವಿನಷ್ಟು ಹಗುರ. ಅದರಲ್ಲಿ ತಪ್ಪು ಹುಡುಕಲು ಟೀಚರಮ್ಮ ವಾರವೆಲ್ಲ ತಲೆ ಕೆಡಿಸಿಕೊಂಡರು.

“ಇದು ತೀರಾ ಹಗುರ. ಇದೆಯೋ ಇಲ್ಲವೋ ಅಂತಲೇ ಯಾರಿಗೂ ಗೊತ್ತಾಗಲ್ಲ.”

ಹೇಳಿದ ಮೇಲೆ ಅದು ಕನ್ನಡಕದ ಮಾತಲ್ಲವೆಂದು ಅವರಿಗೇ ಅನಿಸಿತು. ಅಂಗಡಿಯವರಿಗೂ ಅನಿಸಿರಬೇಕು.

“ಒಂದ್ಸಲ ಯಜಮಾನ್ರನ್ನ ಕರ್ಕೊಂಡು ಬನ್ನಿ ಅಮ್ಮ,” ಎಂದರು ಮೆಲ್ಲಗೆ. “ದಿನಾ ನಿಮ್ಮ ಮುಖ ನೋಡೋರು. ಯಾವುದು ಒಪ್ಪುತ್ತೆ ಅಂತ ಅವರೇ ಹೇಳಲಿ.”

ಯಜಮಾನರು ಬಂದರು. ಬಂದವರ ಮೂಗಿನ ಮೇಲಿದ್ದ ಕನ್ನಡಕ ನೋಡಿ ಅಂಗಡಿಯವರು, “ಸರ್, ನಿಮ್ಮ ಫ್ರೇಮೇ ಸೊಟ್ಟಗಿದೆಯಲ್ಲ, ಯಾವ ಮಗ್ಗುಲಿಗೆ ಮಲಗ್ತೀರಿ?” ಎಂದರು. ಅಷ್ಟೇ ಸಾಕಾಯಿತು. ಕಟ್ಟೆಯೊಡೆದ ಕೆರೆಯಂತೆ ಯಜಮಾನರು ಹರಿದರು. ಮೈಕು, ಗಂಟಲು, ಡ್ರೈವರುಗಳ ಜಗಳ ಎಲ್ಲ ಬಂತು. ಟೀಚರಮ್ಮ ಸ್ಟೂಲಿನ ಮೇಲೆ ಕುಳಿತು, ಯಾರದೋ ಗಂಡನ ಮಾತು ಕೇಳುವಂತೆ ಕೇಳಿದರು.

“ಹಾರ್ನಿನ ಸದ್ದಿಗೆ ಎಡಗಿವಿ ಮಂದ ಆಗಿಬಿಟ್ಟಿದೆ ಸ್ವಾಮಿ. ಇವಳು ಆ ಕಡೆಯಿಂದ ಏನೋ ಹೇಳ್ತಾ ಇರ್ತಾಳೆ. ಪದೇ ಪದೇ ಏನು ಅಂದ್ರೆ ಬೇಜಾರು ಮಾಡ್ಕೋತಾಳೆ ಅಂತ ಹ್ಞೂಂ ಅಂದ್ಬಿಡ್ತೀನಿ.”

ಟೀಚರಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇಷ್ಟು ವರ್ಷದ ಸಂಸಾರವೆಲ್ಲ ತಪ್ಪು ಕಿವಿಗೆ ಬಿದ್ದಿತ್ತು. ಪಾಪ, ಇವರ ಮೇಲೆ ಎಷ್ಟು ಸಿಟ್ಟಾಗಿದ್ದೆನಲ್ಲ ಎಂದು ಕರಗಿ ನೀರಾದರು. ಇನ್ನು ಅಂಗಡಿಯ ಹಂಗೇಕೆಂದು ಟೈಟಾನಿಯಮ್ಮನ್ನೇ ಖಾಯಂ ಮಾಡಿದರು.

ಆ ಸಂಜೆ ಊಟಕ್ಕೆ ಯಜಮಾನರ ಬಲಕ್ಕೆ ಕುಳಿತು, ಬಾಕಿಯಿದ್ದ ಮಾತನ್ನೆಲ್ಲ ಮೊದಲಿಂದ ಶುರು ಮಾಡಿದರು. ಯಜಮಾನರು ಕೇಳಿದರು. ಮರುದಿನವೂ ಕೇಳಿದರು. ಮೂರನೆಯ ದಿನ ಟೀಚರಮ್ಮ ತಟ್ಟೆ ಹಿಡಿದು ಬಂದಾಗ, ಯಜಮಾನರ ಕುರ್ಚಿ ಬಲಗಡೆಯ ಗೋಡೆಗೆ ಒತ್ತಿಕೊಂಡಿತ್ತು. ಆ ಕಡೆ ಸೂಜಿ ತೂರಲೂ ಜಾಗವಿಲ್ಲ. ಟೀಚರಮ್ಮ ಎಡಕ್ಕೇ ಕುಳಿತರು.

“ಕುರ್ಚಿ ಯಾಕೆ ಸರಿಸಿದ್ರಿ?” ತಮ್ಮಷ್ಟಕ್ಕೇ ಗೊಣಗಿಕೊಂಡಂತೆ, ಆ ಮಂದಗಿವಿಯ ಕಡೆಯಿಂದ ಪಿಸುಮಾತಿನಲ್ಲಿ ಕೇಳಿದರು.

“ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ,” ಎಂದರು ಯಜಮಾನರು ಥಟ್ಟನೆ.

ಎಂದ ಮೇಲೆ ಅವರ ಕೈಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಟೀಚರಮ್ಮ ಉಪ್ಪಿನ ಡಬ್ಬಿಯನ್ನು ಅವರತ್ತ ತಳ್ಳಿದರು.