ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಗುಟ್ಟು

ಒಂದು ಕಡೆ ನೆಮ್ಮದಿಯಾಗಿ ಕೂರುವ ಜಾಯಮಾನ ನನ್ನದಲ್ಲ. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದವನು ಅದನ್ನು ಎಳೆದು ನೋಡಲು ಮತ್ತೆ ಬರುತ್ತೇನೆ. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಶನಿವಾರದ ತರಗತಿಗೆ ಸೇರಿ ಮಾಹಿತಿ ಭದ್ರತೆಯ ಮೂಲಪಾಠ ಓದತೊಡಗಿದ್ದು ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಏನು ಮಾಡಲಿ, ಎಗ್ಮೋರಿನ ನಮ್ಮ ವಿಮಾ ಕಚೇರಿಯಲ್ಲಿ ಈ ಡಿಪ್ಲೊಮಾ ಇಲ್ಲದವನಿಗೆ ಬಡ್ತಿಯಿಲ್ಲ. ಫೇಲಾದರೆ ಮಗಳ ವಯಸ್ಸಿನವರ ಜೊತೆ ಇನ್ನೊಂದು ವರ್ಷ ಬೆಂಚು ಕಾಯಬೇಕು. ಆ ಯೋಚನೆಗೇ ನನಗೆ ಅನ್ನ ಸೇರುತ್ತಿರಲಿಲ್ಲ.

ಪಾಠದಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು. ಬೀಗ ಹೇಗೆ ಕೆಲಸ ಮಾಡುತ್ತದೆಂಬುದು ಕಳ್ಳನಿಗೆ ಗೊತ್ತಿದೆಯೆಂದೇ ತಿಳಿಯಬೇಕು. ಗುಟ್ಟಾಗಿರಬೇಕಾದದ್ದು ಕೀಲಿಕೈ ಮಾತ್ರ. ಇದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಆದರೆ ಚೆನ್ನೈಯಲ್ಲಿ ಮೂರು ತಲೆಮಾರಿನಿಂದ ನಮ್ಮ ಮನೆಯವರು ನಂಬಿರುವ ಬೀಗವೆಂದರೆ ಕನ್ನಡ. ಸೀರೆ ಅಂಗಡಿಯವನ ಎದುರೇ ಅವನ ಸೀರೆಯನ್ನು ಗಟ್ಟಿಯಾಗಿ ಬೈದು ಬಂದವರು ನಾವು. ನಮ್ಮಪ್ಪನಂತೂ ಡಾಕ್ಟರ ಮುಂದೆಯೇ ಅಮ್ಮನಿಗೆ, "ಇವನ ಕೈ ನಡುಗ್ತಿದೆ, ಎದ್ದು ಹೋಗೋಣ ನಡಿ" ಎಂದು, ನಗುನಗುತ್ತಾ ನಾಲಿಗೆ ಚಾಚಿದ್ದರು.

ಮೌಖಿಕ ಪರೀಕ್ಷೆಯ ಬೆಳಿಗ್ಗೆ ತ್ರಿಪ್ಲಿಕೇನಿನ ಮೆಸ್ಸೊಂದರಲ್ಲಿ ಇಡ್ಲಿ ತಿನ್ನುತ್ತಿದ್ದೆ. ನನ್ನ ಪ್ರಬಂಧವನ್ನು ಹನ್ನೊಂದರೊಳಗೆ ವಿಶ್ವವಿದ್ಯಾಲಯದ ಸೈಟಿಗೆ ಹಾಕಬೇಕಿತ್ತು. ವಿಷಯ, ಪಾಸ್‌ವರ್ಡ್ ಕಾಪಾಡಿಕೊಳ್ಳುವ ಬಗೆ. ಸೈಟು ಪಾಸ್‌ವರ್ಡ್ ಕೇಳಿತು. ನನಗೆ ಮರೆತೇಹೋಗಿತ್ತು. ಹೆಂಡತಿ ಪದ್ಮಳಿಗೆ ಫೋನು ಮಾಡಿದೆ.

"ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರ್ದಿದೀನಿ, ನೋಡೇ."

"ನಂಜುಂಡ, ಆಮೇಲೆ ನಮ್ಮ ಮದ್ವೆ ವರ್ಷ," ಎಂದಳು ಅವಳು.

"ನಂಜುಂಡ, ಮದ್ವೆ ವರ್ಷ. ಅದು ತೊಂಬತ್ತೆಂಟೋ, ತೊಂಬತ್ತೊಂಬತ್ತೋ?"

"ತೊಂಬತ್ತೆಂಟು. ಇದೂ ಮರ್ತ್ರಾ? ಮೆಲ್ಲಗೆ ಮಾತಾಡ್ರೀ, ಯಾರಾದ್ರೂ ಕೇಳಿಸ್ಕೊಂಡಾರು."

"ಇಲ್ಯಾರಿಗೆ ಕನ್ನಡ ಬರುತ್ತೆ, ಬಿಡೇ."

ಎದುರಿಗೆ ಪೊಂಗಲ್ ತಿನ್ನುತ್ತಿದ್ದ ಕನ್ನಡಕದವರು ತಮಿಳು ಪತ್ರಿಕೆಯಿಂದ ಒಮ್ಮೆ ತಲೆಯೆತ್ತಿ ಮತ್ತೆ ತಗ್ಗಿಸಿದರು. ಪ್ರಬಂಧ ಸುರಕ್ಷಿತವಾಗಿ ಹೋಗಿ ಸೇರಿತು.

ಹನ್ನೊಂದೂವರೆಗೆ ಪರೀಕ್ಷಕರ ಕುರ್ಚಿಯಲ್ಲಿ ಅದೇ ಕನ್ನಡಕ. ತಮಿಳು ಓದುವವರಲ್ಲವೇ ಎಂದು ಧೈರ್ಯ ತಂದುಕೊಂಡೆ. ಅವರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸಿದೆ. ಕಳ್ಳ, ಬೀಗ, ಕೀಲಿಕೈ, ಒಂದನ್ನೂ ಬಿಡಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

"ನಂಜುಂಡ ನಮಗೂ ಮನೆದೇವ್ರೇ, ಸ್ವಾಮಿ," ಎಂದರು, ಅಪ್ಪಟ ಮೈಸೂರು ಕನ್ನಡದಲ್ಲಿ. "ಮದುವೆ ವರ್ಷ ಬದಲಾಯಿಸೋಕಾಗಲ್ಲ. ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ಪಾಸು ಮಾಡ್ತೀನಿ."

ಅಲ್ಲೇ ಕೂತು ಬದಲಾಯಿಸಿದೆ. ಅವರು ನನ್ನ ಕಡೆ ನೋಡದೆ, ಗೋಡೆಯತ್ತ ಮುಖ ತಿರುಗಿಸಿಕೊಂಡಿದ್ದರು.

ಬಸ್ಸು ಹತ್ತಿದ ಮೇಲೆ ಮತ್ತೆ ಕಳವಳ ಶುರುವಾಯಿತು. ಮನೆ ಸೇರುವುದರೊಳಗೆ ಹೊಸದನ್ನೂ ಮರೆಯುವುದು ಖಂಡಿತ, ಪದ್ಮಳಿಗೆ ಹೇಳಿಬಿಡಬೇಕು. ಆದರೆ ಇನ್ನು ಕನ್ನಡವನ್ನು ನಂಬುವಂತಿಲ್ಲ. ಬುದ್ಧಿ ಬಂದವನಂತೆ ಸುತ್ತ ನೋಡಿ, ಫೋನಿನಲ್ಲಿ ಅಷ್ಟನ್ನೂ ತಮಿಳಿನಲ್ಲಿ ಹೇಳಿದೆ. ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ನಾನು ಕೊನೆಯ ಅಂಕೆಗೆ ತಡವರಿಸಿದಾಗ ಪಕ್ಕದಲ್ಲಿ ನಿಂತಿದ್ದ ಕಂಡಕ್ಟರು ಫೋನಿಗೆ ಬಾಗಿ, "ಏಳು, ಅಮ್ಮಾ, ಏಳು" ಎಂದು ಪೂರ್ತಿ ಮಾಡಿಕೊಟ್ಟರು.

"ಯಾರ್ರೀ ಅದು, ಇಷ್ಟು ಸ್ಪಷ್ಟವಾಗಿ ಹೇಳಿದ್ದು?" ಎಂದಳು ಪದ್ಮ. "ಮುಂದೆ ಮರೆತಾಗ ಅವರನ್ನೇ ಕೇಳಿ. ನಾನು ಕ್ಯಾಲೆಂಡರ್ ತೆಗೆದು ನೋಡೋದು ತಪ್ಪುತ್ತೆ."